ಡೋಣಿ ಸೀಮೆಯ ಜೋಳ: ಋಣ ಮತ್ತು ಅಭಿಮಾನ

ವಿಜಯಪುರ ಜಿಲ್ಲೆಯ ಡೋಣಿ ದೊಡ್ಡ ನದಿಯೇನಲ್ಲ. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ಹೊಳೆಯ ನೀರು ಹಲವೆಡೆ ಸವುಳು. ಆದರೂ ಸೀಮೆಯ ಹೆಮ್ಮೆಯ ಗಾದೆ ಇದನ್ನೇ ಕುರಿತದ್ದು: ‘ಡೋಣಿ ಹರಿದರೆ ಓಣಿಯೆಲ್ಲ ಜೋಳ.’ ಇಲ್ಲಿಯ ಎರೆಭೂಮಿ ಮಳೆಯ ನೀರನ್ನು ಒಡಲಲ್ಲಿ ಹಿಡಿದಿಡುತ್ತದೆ. ಹಿಂಗಾರಿಯಲ್ಲಿ ಕೂರಿಗೆಯಿಂದ ಬಿತ್ತಿದ ಬಿಳಿಜೋಳ ಆ ಹಸಿಯ ಬಲದಿಂದಲೇ, ಇಬ್ಬನಿಯ ದಿನಗಳಲ್ಲಿ, ತೆನೆ ಕಟ್ಟುತ್ತದೆ. ಗಾದೆಯ ‘ಹರಿದರೆ’ ಎಂಬ ಷರತ್ತು ಗಮನಾರ್ಹವಾದುದು. ಹರಿಯದ ವರ್ಷಗಳ ನೆನಪೂ ಅದರಲ್ಲಿ ಅಡಗಿದೆ.

ಜೋಳಕ್ಕೂ ಅಭಿಮಾನಕ್ಕೂ ಇರುವ ನಂಟು ಪ್ರಾಚೀನವಾದುದು. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡು ಬಹುಮಟ್ಟಿಗೆ ಜೋಳದ ನಾಡೇ ಆಗಿದೆ. ಒಡೆಯನ ಅನ್ನವುಂಡವನು ಅವನಿಗಾಗಿ ಪ್ರಾಣ ತೆರಬೇಕೆಂಬ ಕಟ್ಟಳೆಗೆ ಹಳಗನ್ನಡದಲ್ಲಿ ‘ಜೋಳದಪಾಳಿ’ ಎಂದು ಹೆಸರು. ಕ್ರಿ.ಶ. 941ರ ಪಂಪಭಾರತದ ಕರ್ಣನ ಒಡೆಯನಿಷ್ಠೆಯನ್ನು ವಿದ್ವಾಂಸರು ಈ ಪರಿಕಲ್ಪನೆಯ ಹಿನ್ನೆಲೆಯಲ್ಲಿ ವಿವರಿಸಿದ್ದಾರೆ. ಆದರೆ ಜೋಳ ಕೊಟ್ಟವನು ಒಡೆಯನೆಂಬ ಮಾತು ಅರ್ಧಸತ್ಯ. ಬೆಳೆದವನ ಋಣವನ್ನು ಕುರಿತು ವೀರಗಲ್ಲುಗಳು ಮಾತನಾಡುವುದಿಲ್ಲ.

ಆ ಇನ್ನರ್ಧವನ್ನು ಹುಡುಕಬೇಕಾದುದು ಹಗೇವುಗಳಲ್ಲಿ. ನೆಲದೊಳಗೆ ಆಳವಾಗಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ‘ಹಗೇವಿನ ಮನೆತನ’ ಎಂಬುದು ಸಂಬಂಧ ಬೆಳೆಸುವಾಗ ಹೇಳಿಕೊಳ್ಳುವ ದೊಡ್ಡಸ್ತಿಕೆ. ಆದರೆ ಬಾಯಿ ತೆರೆದೊಡನೆ ಒಳಗಿಳಿದರೆ ಕೆಟ್ಟ ಗಾಳಿಗೆ ಉಸಿರುಕಟ್ಟಿ ಸಾಯುವ ಅಪಾಯವಿತ್ತು. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿದ ಬಳಿಕವೇ ಇಳಿಯಬೇಕು. ಇಳಿಯುವವರು ಸಾಮಾನ್ಯವಾಗಿ ಆಳುಮಕ್ಕಳು. ದೊಡ್ಡಸ್ತಿಕೆ ಮನೆತನದ್ದು, ಜೀವಭಯ ಆಳಿನದು. ಕಣದಲ್ಲಿ ರಾಶಿಯಾದಾಗ ಬಡಿಗ, ಕಮ್ಮಾರ, ತಳವಾರ ಮೊದಲಾದ ಆಯಗಾರರಿಗೆ ಕಾಳು ಸಲ್ಲುತ್ತಿತ್ತಾದರೂ ಯಾರು ಎಲ್ಲಿ ನಿಂತು ಸೆರಗೊಡ್ಡಬೇಕೆಂಬುದನ್ನು ಜಾತಿ ನಿಗದಿಪಡಿಸಿತ್ತು.

ಬರಗಾಲಗಳು ಈ ವ್ಯವಸ್ಥೆಯನ್ನು ಪರೀಕ್ಷೆಗೊಡ್ಡಿದವು. 1791-92ರ ಬರಕ್ಕೆ ಜನ ‘ಡೋಗಿ ಬರ’ವೆಂದು ಹೆಸರಿಟ್ಟರು. ಹೂಳುವವರಿಲ್ಲದೆ ಬಿದ್ದ ತಲೆಬುರುಡೆಗಳ ನೆನಪು ಅದು. 1876-78ರ ಬರದಲ್ಲಿ ಈ ಸೀಮೆಯನ್ನೊಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆ ತೀವ್ರವಾಗಿ ತತ್ತರಿಸಿತು.

ದಿನನಿತ್ಯದ ಬದುಕು ಅಭಿಮಾನದ ರೂಪ ತಳೆದು ಪುಸ್ತಕ ಸೇರಿದ್ದು ಹಲಸಂಗಿ ಗೆಳೆಯರಿಂದ. 1931ರಲ್ಲಿ ಪ್ರಕಟವಾದ ‘ಗರತಿಯ ಹಾಡು’ ಬೀಸುವ, ಕುಟ್ಟುವ ಹೆಂಗಸರ ತ್ರಿಪದಿಗಳಿಗೆ ನಾಡಿನಲ್ಲಿ ಮಾನ್ಯತೆ ತಂದಿತು. ‘ಗರತಿ’ ಎಂಬ ಒಂದೇ ಹೆಸರು ಹಾಡಿದವರೆಲ್ಲರಿಗೂ ಸಲ್ಲಬೇಕಾಯಿತು. ಬೆಳಗಿನ ಜಾವ ಎದ್ದು ಕಲ್ಲು ಎಳೆದವಳಿಗೆ ಹಾಡು ಮೊದಲು ದಣಿವು ಮರೆಸುವ ಉಪಾಯ, ಸಾಹಿತ್ಯವಾದದ್ದು ಆಮೇಲೆ. ಗಿರಣಿ ಬಂದು ಕಲ್ಲು ಮೂಲೆ ಸೇರಿದಾಗ ಹಾಡು ಹೋಯಿತೆಂದು ವಿದ್ವತ್ತು ಮರುಗಿದೆ. ರಟ್ಟೆಗೆ ಬಿಡುವು ಸಿಕ್ಕಿತೆಂಬುದನ್ನು ಅಷ್ಟಾಗಿ ಬರೆದಿಲ್ಲ.

ಆಲಮಟ್ಟಿಯ ನೀರು ಬಂದ ಹೊಲಗಳಲ್ಲಿ ಕಬ್ಬು ಬಂದಿತು. ಪಡಿತರದ ಅಕ್ಕಿ, ವಿಶೇಷವಾಗಿ 2013ರ ಅನ್ನಭಾಗ್ಯದ ನಂತರ, ಹಿಂದೆ ಹಬ್ಬದ ಊಟವಾಗಿದ್ದ ಅನ್ನವನ್ನು ಬಡವರ ನಿತ್ಯದ ತಾಟಿಗೆ ತಂದಿತು. ಇದನ್ನು ಬರಿಯ ನಷ್ಟವೆಂದು ಹಳಹಳಿಸುವುದು ಉಂಡವರ ಮಾತೇ ಹೊರತು ಹಸಿದವರದಲ್ಲ. ಇತ್ತ ಖಡಕ್ ರೊಟ್ಟಿ ಬಡಿದು ಮಾರುವುದು ಅನೇಕ ಹೆಣ್ಣುಮಕ್ಕಳ ಸ್ವಂತ ಸಂಪಾದನೆಯಾಗಿದೆ.

ಎಳ್ಳಮಾವಾಸ್ಯೆಯ ಚರಗ ಮಾತ್ರ ತಪ್ಪಿಲ್ಲ. ಸಜ್ಜೆರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಲೆಗಳ ಬುತ್ತಿಯೊಂದಿಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಅನ್ನ ಚೆಲ್ಲಿದ ಬಳಿಕವೇ ಉಣ್ಣುತ್ತಾರೆ. ಜೋಳದಪಾಳಿಗೆ ಪ್ರಾಣ ಕೊಟ್ಟ ಕರ್ಣ ಆ ಐದರಲ್ಲಿಲ್ಲ. ಇಲ್ಲಿ ಮೊದಲ ತುತ್ತು ಒಡೆಯನಿಗಲ್ಲ, ನೆಲಕ್ಕೆ.