ಟೆಂಟಿನಿಂದ ಮೊಬೈಲಿಗೆ: ಗಾಜನೂರಿನ ಒಂದು ಮನೆತನ ಮತ್ತು ನಮ್ಮ ಸಿನಿಮಾ

ಗಾಜನೂರು ಅಂದರೆ ಹೊರಗಿನವರಿಗೆ ತಟ್ಟನೆ ನೆನಪಾಗುವುದು 2000ದ ಜುಲೈ 30ರ ರಾತ್ರಿ. ಅಂದು ನಮ್ಮ ತಾಳವಾಡಿ ಸೀಮೆಯ ದೊಡ್ಡಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕಾಡಿಗೆ ಕರೆದೊಯ್ದ. 108 ದಿನಗಳ ನಂತರ, ನವೆಂಬರ್ 15ರಂದು ಅವರ ಬಿಡುಗಡೆಯಾಯಿತು. ಆದರೆ ಯುವಮಿತ್ರರೇ, ಈ ಊರಿಗೆ ಇನ್ನೊಂದು ಚರಿತ್ರೆಯೂ ಇದೆ. ನಾಟಕದ ರಂಗ, ಸಿನಿಮಾ ಥಿಯೇಟರ್, ಈಗಿನ ಒಟಿಟಿ, ಈ ಮೂರು ಕಾಲವನ್ನೂ ಇಲ್ಲಿನ ಒಂದೇ ಮನೆತನದ ಮೂರು ತಲೆಮಾರು ಕಂಡಿದೆ. ಸಿನಿಮಾ ನೋಡಲು ಥಿಯೇಟರಿಗೇ ಹೋಗಬೇಕೇ, ಮನೆಯಲ್ಲಿ ಕುಳಿತು ನೋಡಿದರೆ ಸಾಲದೇ ಎಂದು ನಾವು ವಾದ ಮಾಡುವಾಗ ಈ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು.

ಮೊದಲು ಬೆಟ್ಟ ಇಳಿದು ಕೊಯಮತ್ತೂರಿಗೆ ಹೋಗೋಣ. 1979ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ನಮಗೂ ಅದೇ ಜಿಲ್ಲಾಕೇಂದ್ರ. ಆ ಊರಿನ ಸಾಮಿಕಣ್ಣು ವಿನ್ಸೆಂಟ್ ಎಂಬ ಕ್ರೈಸ್ತ ಯುವಕ ರೈಲ್ವೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. 1905ರಲ್ಲಿ ಡ್ಯುಪಾಂಟ್ ಎಂಬ ಫ್ರೆಂಚ್ ಪ್ರದರ್ಶಕನಿಂದ ಅವರು ಒಂದು ಪ್ರೊಜೆಕ್ಟರನ್ನೂ ಕೆಲವು ಮೂಕಿ ಚಿತ್ರಗಳನ್ನೂ ಕೊಂಡರು. ಅವುಗಳಲ್ಲಿ ಮುಖ್ಯವಾದದ್ದು ಯೇಸುಕ್ರಿಸ್ತರ ಜೀವನದ ಚಿತ್ರ. ಕೆಲಸ ಬಿಟ್ಟು, ಟೆಂಟ್ ಕಟ್ಟಿಕೊಂಡು, ಊರೂರು ಸುತ್ತಿ ಅದನ್ನು ತೋರಿಸಿದರು. ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಚಿತ್ರಮಂದಿರವನ್ನು ಅವರು ಕಟ್ಟಿಸಿದ್ದು 1914ರಲ್ಲಿ. ಅಂದರೆ ನಮ್ಮ ಭಾಗದಲ್ಲಿ ಸಿನಿಮಾ ಬೆಳೆದದ್ದು ಮೊದಲು ಟೆಂಟಿನಲ್ಲಿ, ಆಮೇಲೆ ಕಟ್ಟಡದಲ್ಲಿ. ಜನ ಸಿನಿಮಾವನ್ನು ಹುಡುಕಿ ಹೋಗುವ ಮೊದಲು ಸಿನಿಮಾನೇ ಜನರನ್ನು ಹುಡುಕಿಕೊಂಡು ಬಂತು.

ಅದೇ ಕಾಲದಲ್ಲಿ ಮುಂಬೈಯಲ್ಲಿ ದಾದಾಸಾಹೇಬ್ ಫಾಲ್ಕೆಯವರೂ ಕ್ರಿಸ್ತರ ಜೀವನದ ಚಿತ್ರವೊಂದನ್ನು ನೋಡಿದರು. ನಮ್ಮ ರಾಮ, ಕೃಷ್ಣರನ್ನೂ ಹೀಗೆ ಪರದೆಯ ಮೇಲೆ ತರಬಾರದೇಕೆ ಎಂಬ ಯೋಚನೆ ಅವರಿಗೆ ಬಂದದ್ದು ಆಗಲೇ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ಫಾಲ್ಕೆಯವರ ಹೆಸರಿನ ಪ್ರಶಸ್ತಿ 1995ನೇ ಸಾಲಿನಲ್ಲಿ ಬಂದದ್ದು ಗಾಜನೂರಿನ ಮುತ್ತುರಾಜ್‌ಗೆ, ಅಂದರೆ ನಮ್ಮ ರಾಜ್‌ಕುಮಾರ್‌ಗೆ.

ಮುತ್ತುರಾಜ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ಕಲಾವಿದರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ಮಗನೂ ಬಾಲ್ಯದಲ್ಲೇ ಓದು ಬಿಟ್ಟು ರಂಗವೇರಿದ. ಆ ಹೊತ್ತಿಗೆ ಕನ್ನಡ ಸಿನಿಮಾಕ್ಕೆ ದನಿ ಬಂದಿತ್ತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡದ್ದು 1934ರಲ್ಲಿ. ಇಪ್ಪತ್ತು ವರ್ಷಗಳ ನಂತರ, 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ಮುತ್ತುರಾಜ್ ರಾಜ್‌ಕುಮಾರ್ ಆದರು. ಎರಡೇ ವರ್ಷಕ್ಕೆ, 1956ರಲ್ಲಿ, ರಾಜ್ಯಗಳ ಮರುವಿಂಗಡಣೆಯಾಯಿತು. ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಮನೆಮಾತು ಕನ್ನಡ, ಸರ್ಕಾರದ ಭಾಷೆ ತಮಿಳು. ಘಾಟಿ ಇಳಿದು ಸತ್ಯಮಂಗಲಕ್ಕೆ ಹೋದರೆ ತಮಿಳು ಸಿನಿಮಾ, ಗಡಿ ದಾಟಿ ಚಾಮರಾಜನಗರಕ್ಕೆ ಹೋದರೆ ಕನ್ನಡ ಸಿನಿಮಾ. ಕನ್ನಡದ ದೊಡ್ಡ ನಟನ ಊರಿನವರೇ ಆತನ ಚಿತ್ರ ನೋಡಲು ರಾಜ್ಯ ದಾಟಬೇಕಾದ ಸ್ಥಿತಿ.

ಇಂಥ ದೂರವನ್ನು ಎಷ್ಟೋ ಹಳ್ಳಿಗಳಿಗೆ ಕಡಿಮೆ ಮಾಡಿದ್ದು ಟೂರಿಂಗ್ ಟಾಕೀಸು. ಟೆಂಟಿನ ಬಟ್ಟೆ ಬೆಳಕನ್ನು ತಡೆಯುವುದಿಲ್ಲ, ಆದ್ದರಿಂದ ಕತ್ತಲಾದ ಮೇಲೆಯೇ ಆಟ. ಮೈಕಿನಲ್ಲಿ ಹಾಡು ಕೇಳಿಸಿದರೆ ಆಟ ಶುರುವಾಗುತ್ತದೆಂದು ಲೆಕ್ಕ. ನೆಲಕ್ಕೆ ಒಂದು ದರ, ಬೆಂಚಿಗೆ ಒಂದು ದರ, ಕುರ್ಚಿಗೆ ಇನ್ನೊಂದು. ಪ್ರೊಜೆಕ್ಟರ್ ಒಂದೇ ಇದ್ದ ಕಡೆ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಆಗ ಕಡಲೆಕಾಯಿ, ಮಾತು, ನಗೆ. ಇದರಲ್ಲಿ ಒಂದು ದೊಡ್ಡ ವಿಷಯವಿತ್ತು. ಎಲ್ಲರೂ ಒಂದೇ ಸೂರಿನಡಿ ಕುಳಿತು ಒಂದೇ ಆಟ ನೋಡುವುದು ತಮಿಳು ಸಮಾಜಕ್ಕೆ ಸಾಧ್ಯವಾದದ್ದು ಮೊದಲು ಸಿನಿಮಾ ಕೊಟ್ಟಗೆಯಲ್ಲೇ ಎಂದು ವಿದ್ವಾಂಸ ಕಾರ್ತಿಗೇಸು ಶಿವತ್ತಂಬಿ 1981ರಲ್ಲಿ ಬರೆದರು. ಜಾಗ ಸಿಗುತ್ತಿದ್ದದ್ದು ಕೊಟ್ಟ ಕಾಸಿನ ಮೇಲೆ, ಹುಟ್ಟಿದ ಜಾತಿಯ ಮೇಲಲ್ಲ. ಕಾಸಿನ ಭೇದವೂ ಭೇದವೇ, ನಿಜ. ಆದರೂ ಅಂದಿನ ಹಳ್ಳಿಯಲ್ಲಿ ಅದು ಸಣ್ಣ ಮಾತಾಗಿರಲಿಲ್ಲ.

ಧರ್ಮಸಭೆಯೂ ಸಿನಿಮಾದ ಶಕ್ತಿಯನ್ನು ಬೇಗ ಗುರುತಿಸಿತು. 1936ರ ಜೂನ್ 29ರಂದು ಪೋಪ್ 11ನೇ ಪಯಸ್ ಜಗದ್ಗುರುಗಳು ಸಿನಿಮಾ ಕುರಿತೇ ಒಂದು ವಿಶ್ವಪರಿಪತ್ರ ಹೊರಡಿಸಿದರು. ಕತ್ತಲೆಯ ಸಭಾಂಗಣದಲ್ಲಿ ಮೈಮನಸ್ಸು ಸಡಿಲಬಿಟ್ಟು ಕುಳಿತ ಜನರ ಮೇಲೆ ಚಿತ್ರದ ಪರಿಣಾಮ ಹೆಚ್ಚು ಎಂಬುದು ಅವರ ಚಿಂತೆ. ಇಂದು ಮನೆಮನೆಯ ಚಿಂತೆ ಬೇರೆ. ಕತ್ತಲೆಯ ಕೋಣೆಯಲ್ಲಿ ಮಗ ಒಬ್ಬನೇ ಏನು ನೋಡುತ್ತಿದ್ದಾನೆ ಎಂಬುದು!

ಆದರೆ ಮನೆಯಲ್ಲಿ ನೋಡುವುದು ಮೊದಲು ಒಬ್ಬೊಬ್ಬರೇ ನೋಡುವುದಾಗಿರಲಿಲ್ಲ. 1987ರಲ್ಲಿ ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದಾಗ ಟಿ.ವಿ. ಇದ್ದ ಮನೆಯೇ ಬೀದಿಗೆಲ್ಲ ಟೆಂಟಾಯಿತು. ಬಾಗಿಲಲ್ಲಿ, ಕಿಟಕಿಯಲ್ಲಿ ಜನ. ಒಟ್ಟಾಗಿ ಕೂರುವುದನ್ನು ಬಿಡಿಸಿದ್ದು ಮನೆಯಲ್ಲ, ಕೈಗೊಂದು ಪರದೆ ಬಂದದ್ದು.

ಈಗ ಗಾಜನೂರಿನ ಮೂರನೇ ತಲೆಮಾರಿಗೆ ಬರೋಣ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಥಿಯೇಟರುಗಳು ಮುಚ್ಚಿದವು. ಮೇ ತಿಂಗಳಲ್ಲಿ ತಮಿಳಿನ ‘ಪೊನ್‌ಮಗಳ್ ವಂದಾಳ್’ ನೇರ ಒಟಿಟಿಗೆ ಬಂದಾಗ ತಮಿಳುನಾಡಿನ ಥಿಯೇಟರ್ ಮಾಲೀಕರು ಸಿಟ್ಟಾದರು. ಕನ್ನಡದಲ್ಲಿ ಈ ದಾರಿಯಲ್ಲಿ ಮೊದಲು ಹೆಜ್ಜೆ ಇಟ್ಟವರಲ್ಲಿ ರಾಜ್‌ಕುಮಾರ್ ಅವರ ಕಿರಿಯ ಮಗ ಪುನೀತ್ ಒಬ್ಬರು. ಅವರ ಸಂಸ್ಥೆ ನಿರ್ಮಿಸಿದ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಆ ಜುಲೈನಲ್ಲಿ ಥಿಯೇಟರ್ ಕಾಣದೆ ನೇರವಾಗಿ ಅಮೆಜಾನ್ ಪ್ರೈಮ್‌ಗೆ ಬಂದವು. ಪುನೀತ್ ಅವರೇ ನಟಿಸಿದ ‘ಯುವರತ್ನ’ 2021ರ ಏಪ್ರಿಲ್ 1ರಂದು ಥಿಯೇಟರಿಗೆ ಬಂತು. ಕೂಡಲೇ ಅರ್ಧದಷ್ಟೇ ಸೀಟು ಎಂಬ ನಿಯಮ ಬಂದು, ಏಪ್ರಿಲ್ 9ಕ್ಕೆ ಅದೂ ಪ್ರೈಮ್ ಸೇರಿತು. ಅಜ್ಜ ರಂಗದಲ್ಲಿ, ಅಪ್ಪ ಥಿಯೇಟರಿನಲ್ಲಿ, ಮೊಮ್ಮಗ ಎರಡರ ಗಡಿಯಲ್ಲಿ.

ಇದರಿಂದ ನಮಗೆ ಲಾಭವಿಲ್ಲವೇ? ಖಂಡಿತ ಇದೆ. 27 ತಿರುವುಗಳ ದಿಂಬಂ ಘಾಟಿಯಲ್ಲಿ 2022ರ ಫೆಬ್ರವರಿಯಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡುದಾರಿಯಲ್ಲಿ ಆನೆಯ ಭಯ. ಸೆಕೆಂಡ್ ಶೋ ನೋಡಿ ಬರುವ ಮಾತೇ ಇಲ್ಲ. ವಯಸ್ಸಾದವರಿಗೆ, ಹಸುಗೂಸಿನ ತಾಯಂದಿರಿಗೆ ಮನೆಯೇ ಥಿಯೇಟರ್. 2021ರಲ್ಲಿ ಬಂದ ‘ಜೈ ಭೀಮ್’ ಇರುಳ ಸಮುದಾಯದ ನೋವಿನ ಕಥೆ. ಅಂಥ ತಮಿಳು ಚಿತ್ರವನ್ನು ಮನೆಯಲ್ಲೇ ಕುಳಿತು ಕನ್ನಡದಲ್ಲಿ ನೋಡಲು ಸಾಧ್ಯವಾದದ್ದು ಒಟಿಟಿಯಿಂದ. ಒಂದು ಅರ್ಥದಲ್ಲಿ ಇದು ವಿನ್ಸೆಂಟರ ಟೆಂಟಿನ ಕೆಲಸವೇ: ಸಿನಿಮಾ ಜನರನ್ನು ಹುಡುಕಿಕೊಂಡು ಬರುವುದು.

ಆದರೆ ನಷ್ಟದ ಲೆಕ್ಕವೂ ಇದೆ. ಒಟಿಟಿಯ ಬಾಗಿಲು ಕನ್ನಡಕ್ಕೆ ಅಷ್ಟು ಅಗಲವಾಗಿ ತೆರೆದಿಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆಯ ‘ಏಕಂ’ ಸರಣಿಯನ್ನು ಯಾವ ದೊಡ್ಡ ವೇದಿಕೆಯೂ ಕೊಳ್ಳದೆ, 2024ರ ಜುಲೈನಲ್ಲಿ ಅವರು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಥಿಯೇಟರಿನಲ್ಲಿ ಟಿಕೆಟ್ ಕೊಂಡ ಪ್ರತಿಯೊಬ್ಬನೂ ಈ ಭಾಷೆಗೆ ನೋಡುಗರಿದ್ದಾರೆ ಎಂದು ಎಲ್ಲರಿಗೂ ಕಾಣುವಂತೆ ಸಾಕ್ಷಿ ಹೇಳುತ್ತಾನೆ. ಮನೆಯೊಳಗೆ ನೋಡಿದವರ ಲೆಕ್ಕ ಕಂಪನಿಯ ಕೈಯಲ್ಲಿರುತ್ತದೆ. ಗಡಿಯಲ್ಲಿ ಕನ್ನಡ ಉಳಿಸಿಕೊಂಡ ನಮಗೆ ಈ ವ್ಯತ್ಯಾಸ ಸಣ್ಣದಲ್ಲ.

ಇನ್ನೊಂದು ನಷ್ಟವನ್ನು ಹಣದಲ್ಲಿ ಅಳೆಯಲಾಗದು. ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಅವರ ‘ಜೇಮ್ಸ್’ 2022ರ ಮಾರ್ಚ್ 17ರಂದು, ಅವರ ಹುಟ್ಟುಹಬ್ಬದ ದಿನ, ತೆರೆಗೆ ಬಂತು. ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ದರು. ಥಿಯೇಟರಿನ ಕತ್ತಲಲ್ಲಿ ಗುರುತು ಪರಿಚಯವಿಲ್ಲದ ಜನ ಒಟ್ಟಿಗೆ ಅತ್ತರು. ಮನೆಯಲ್ಲಿ ಮೊಬೈಲ್ ಹಿಡಿದು ಅತ್ತರೆ ನಮ್ಮ ದುಃಖ ನಮ್ಮೊಬ್ಬರದೇ. ಪಕ್ಕದ ಕುರ್ಚಿಯಿಂದಲೂ ಬಿಕ್ಕುವ ಸದ್ದು ಕೇಳಿದಾಗ ಅದು ನಾಡಿನ ದುಃಖವಾಗುತ್ತದೆ.

ನಾಟಕದ ರಂಗ ಹೋಯಿತು, ಟೆಂಟ್ ಹೋಯಿತು, ಹಳೆಯ ಥಿಯೇಟರುಗಳು ಒಂದೊಂದಾಗಿ ಕಲ್ಯಾಣ ಮಂಟಪವೋ ಗೋದಾಮೋ ಆಗುತ್ತಿವೆ. ಪರದೆ ಬದಲಾಗುವುದನ್ನು ಯಾರೂ ತಡೆಯಲಾರರು. ಒಟ್ಟಿಗೆ ಕೂರುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಒಳ್ಳೆಯ ಕನ್ನಡ ಚಿತ್ರ ಬಂದರೆ ಮೊದಲ ವಾರದಲ್ಲೇ ನಾಲ್ಕು ಜನ ಸೇರಿ ಹಗಲಿನ ಆಟಕ್ಕೆ ಚಾಮರಾಜನಗರಕ್ಕೆ ಹೋಗಿ ಬರೋಣ. ಉಳಿದ ಚಿತ್ರಗಳನ್ನು ಮನೆಯಲ್ಲೇ ನೋಡೋಣ, ಆದರೆ ಮೂಲೆ ಹಿಡಿದು ಬೇಡ. ಅಜ್ಜಿಯನ್ನೂ ಕೂರಿಸಿಕೊಂಡು, ಪಕ್ಕದ ಮನೆಯವರನ್ನೂ ಕರೆದು ನೋಡೋಣ. ಮಧ್ಯೆ ಒಮ್ಮೆ ನಿಲ್ಲಿಸಿ ದೀಪ ಹಾಕಿದರೆ, ರೀಲು ಬದಲಿಸುತ್ತಿದ್ದ ಕಾಲದ ಕಥೆಯನ್ನು ಅಜ್ಜಿಯೇ ಹೇಳುತ್ತಾರೆ.