ಎರಡು ಗಾಲಿ ಮೇಲೆ, ಎರಡು ಗಾಲಿ ಕೆಳಗೆ

ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡಿದವರು ಈ ದೃಶ್ಯ ನೋಡಿರ್ತೀರಿ. ಮುಂದೆ ಒಂದು ಬಾಡಿಗೆ ಲಾರಿ, ಅದರ ಹೊಟ್ಟೆ ತುಂಬ ಸೋಫಾ, ಮಂಚ, ಪಾತ್ರೆ ಪಗಡ. ಹಿಂದೆ ಒಂದು ಕಾರು. ಅದರ ಮುಂದಿನ ಎರಡು ಗಾಲಿ ಒಂದು ಪುಟ್ಟ ಗಾಡಿಯ ಮೇಲೆ, ಹಿಂದಿನ ಎರಡು ಮಾತ್ರ ರಸ್ತೆಯ ಮೇಲೆ ಉರುಳುತ್ತಿರುತ್ತವೆ. ಆ ಪುಟ್ಟ ಗಾಡಿಗೆ ಟೋ ಡಾಲಿ ಅಂತ ಹೆಸರು. ಪ್ರಾಜೆಕ್ಟ್ ಮುಗಿಸಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಂಸಾರ ಸಾಗಿಸುವ ನಮ್ಮ ಕನ್ನಡದ ಹುಡುಗರಿಗೂ ಇದು ಹೊಸದೇನಲ್ಲ. ಆದರೆ ಮುಂದಿನ ಗಾಲಿಯೇ ಯಾಕೆ ಮೇಲೆ? ನಮ್ಮೂರ ಕಡೆ ಕೆಟ್ಟು ನಿಂತ ಅಂಬಾಸಿಡರನ್ನು ಹಗ್ಗ ಕಟ್ಟಿ ಎಳೆದ ಹಾಗೆ ಎಳೆದರೆ ಸಾಲದೆ? ಉತ್ತರ ಬೇಕಿದ್ದರೆ ಕಾರಿನ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕು.

ಕಾರನ್ನು ಇನ್ನೊಂದು ಗಾಡಿಯ ಮೇಲೆ ಸಾಗಿಸುವ ಯೋಚನೆ ಹೆಚ್ಚುಕಡಿಮೆ ಕಾರಿನಷ್ಟೇ ಹಳೆಯದು. ಕ್ಲೀವ್‌ಲ್ಯಾಂಡಿನ ಅಲೆಕ್ಸಾಂಡರ್ ವಿಂಟನ್ 1898ರಲ್ಲಿ ಇಪ್ಪತ್ತು ಚಿಲ್ಲರೆ ಕಾರು ಮಾರಿದ. ದೂರದೂರಿನ ಗಿರಾಕಿಗೆ ಹೊಸ ಕಾರನ್ನು ಓಡಿಸಿಕೊಂಡೇ ಹೋಗಿ ಕೊಟ್ಟರೆ, ತಲುಪುವಷ್ಟರಲ್ಲಿ ಅದು ಹಳೇ ಕಾರಾಗಿರುತ್ತಿತ್ತು! ಅದಕ್ಕೆ ಆತ ಒಂದು ಕಾರಿನ ಹಿಂಭಾಗಕ್ಕೆ ಎರಡು ಗಾಲಿಯ ಬಂಡಿ ಜೋಡಿಸಿ, ಅದರ ಮೇಲೆ ಮಾರುವ ಕಾರನ್ನು ಹತ್ತಿಸಿ, ಕಟ್ಟಿ ಕಳಿಸಿದ.

ಕೆಟ್ಟ ಕಾರಿನ ಕಥೆ ಬೇರೆ. 1916ರಲ್ಲಿ ಟೆನೆಸಿ ರಾಜ್ಯದ ಚಟ್ಟನೂಗಾ ಹತ್ತಿರ ಒಂದು ಕಾರು ಹಳ್ಳಕ್ಕೆ ಉರುಳಿಬಿತ್ತು. ಅದರ ಯಜಮಾನ ಸಹಾಯಕ್ಕೆ ಕರೆದದ್ದು ಊರಿನ ಗ್ಯಾರೇಜಿನ ಅರ್ನೆಸ್ಟ್ ಹೋಮ್ಸ್‌ನನ್ನು. ಐದಾರು ಜನ, ಹಗ್ಗ, ಮರದ ದಿಮ್ಮಿ... ಮೇಲೆ ತರೋಕೆ ಸುಮಾರು ಎಂಟು ಗಂಟೆ ಹಿಡಿಯಿತು. ನಮ್ಮಂಥವರಾದರೆ ಬೈದುಕೊಂಡು ಮನೆಗೆ ಹೋಗಿ ಮಲಗುತ್ತಿದ್ದೆವೇನೋ. ಹೋಮ್ಸ್ ಹಾಗೆ ಮಾಡಲಿಲ್ಲ. 1913ರ ಒಂದು ಹಳೇ ಕ್ಯಾಡಿಲಾಕ್ ಕಾರಿನ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂರಿಸಿದ. ಟೋ ಟ್ರಕ್ ಹುಟ್ಟಿದ್ದು ಹೀಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಕೆಟ್ಟ ವಾಹನಗಳನ್ನು ಎಳೆಯಲು ಅವನ ಕಂಪನಿಯ ಯಂತ್ರಗಳನ್ನೂ ಬಳಸಿತು. ಚಟ್ಟನೂಗಾದಲ್ಲಿ ಇದಕ್ಕೇ ಒಂದು ಮ್ಯೂಸಿಯಂ ಇದೆ. ಅದರ ಹೊರಗೆ ಒಂದು ಗೋಡೆ ಇದೆ, ಕಾರು ಎಳೆಯುವ ಕೆಲಸ ಮಾಡುತ್ತಲೇ ಸತ್ತವರ ಹೆಸರುಗಳದ್ದು. ರಸ್ತೆ ಬದಿ ಬಗ್ಗಿ ಸರಪಳಿ ಬಿಗಿಯುವಾಗ ಬೆನ್ನ ಹಿಂದೆ ವಾಹನಗಳು ಭರ್ರನೆ ಹೋಗುತ್ತಿರುತ್ತವೆ ಅನ್ನೋದನ್ನು ನೆನೆಸಿಕೊಂಡರೆ ಆ ಗೋಡೆ ಯಾಕೆ ಬೇಕಾಯಿತು ಅಂತ ತಿಳಿಯುತ್ತೆ.

ಆಗಿನ ಕಾರುಗಳಲ್ಲಿ ಎಂಜಿನ್ ಮುಂದೆ ಇದ್ದರೂ ತಿರುಗುತ್ತಿದ್ದದ್ದು ಹಿಂದಿನ ಗಾಲಿ. ಗೇರು ನ್ಯೂಟ್ರಲ್‌ನಲ್ಲಿಟ್ಟು ಸ್ವಲ್ಪ ದೂರ ಎಳೆದರೆ ಏನೂ ಆಗುತ್ತಿರಲಿಲ್ಲ. ಮೊದಲ ತೊಡಕು ಬಂದದ್ದು ಆಟೋಮ್ಯಾಟಿಕ್ ಗೇರ್‌ನಿಂದ. 1940ರ ಮಾಡೆಲ್ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಅನ್ನೋ ಗೇರ್‌ಬಾಕ್ಸ್ ಬಂತು. ಇದರೊಳಗೆ ಎಣ್ಣೆ ಹರಿದಾಡುತ್ತಲೇ ಇರಬೇಕು, ಅದನ್ನು ತಳ್ಳುವ ಪಂಪು ತಿರುಗಲು ಎಂಜಿನ್ ಓಡುತ್ತಿರಬೇಕು. ಮಜಾ ಏನಂದರೆ ಆ ಹಳೇ ಗೇರ್‌ಬಾಕ್ಸಿನ ಹಿಂಬದಿಯಲ್ಲಿ ಇನ್ನೊಂದು ಪಂಪು ಇತ್ತು. ಎಂಜಿನ್ ಸತ್ತಿದ್ದರೂ ಗಾಲಿ ಉರುಳಿದರೆ ಸಾಕು, ಅದು ಎಣ್ಣೆ ಕೊಡುತ್ತಿತ್ತು. ಕಾರನ್ನು ತಳ್ಳಿ ಸ್ಟಾರ್ಟ್ ಮಾಡಲೂ ಆಗುತ್ತಿತ್ತು. 1960ರ ದಶಕದ ಹೊಸ ಗೇರ್‌ಬಾಕ್ಸುಗಳಲ್ಲಿ ಈ ಎರಡನೇ ಪಂಪನ್ನು ಕೈಬಿಟ್ಟರು. ಅಲ್ಲಿಂದೀಚೆಗೆ ಎಂಜಿನ್ ಓಡಿಸುವ ಗಾಲಿಗಳನ್ನು ನೆಲದ ಮೇಲೆ ಉರುಳಿಸಿಕೊಂಡು ದೂರ ಎಳೆದರೆ ಗೇರ್‌ಬಾಕ್ಸ್ ಎಣ್ಣೆಯಿಲ್ಲದೆ ಸುಟ್ಟುಹೋಗುತ್ತೆ. ಒಂದು ಪಂಪಿನ ಉಳಿತಾಯಕ್ಕೆ ಎಷ್ಟು ಗೇರ್‌ಬಾಕ್ಸ್ ಬಲಿಯಾದವೋ :-)

ಎರಡನೇ ತಿರುವು 1973ರ ತೈಲ ಬಿಕ್ಕಟ್ಟು. ಕಡಿಮೆ ಪೆಟ್ರೋಲ್ ಕುಡಿಯುವ, ಹಗುರಾದ ಕಾರು ಬೇಕಾಯಿತು. ಬ್ರಿಟನ್ನಿನ ಮಿನಿ 1959ರಲ್ಲೇ ಎಂಜಿನ್ ಅಡ್ಡಡ್ಡ ಕೂರಿಸಿ ಮುಂದಿನ ಗಾಲಿಗಳನ್ನೇ ತಿರುಗಿಸಿ ತೋರಿಸಿತ್ತು. 1979ರಲ್ಲಿ ಷೆವ್ರೊಲೆ ಸೈಟೇಷನ್ ಬಂತು, ಆಮೇಲೆ ಕ್ಯಾಮ್ರಿ, ಕೊರೊಲಾ ಎಲ್ಲ ಅದೇ ದಾರಿ ಹಿಡಿದವು. ನಮ್ಮಲ್ಲಿ 1983ರಲ್ಲಿ ಬಂದ ಮಾರುತಿ 800 ಕೂಡ ಇದೇ ಜಾತಿ. ಈ ಕಾರುಗಳಲ್ಲಿ ಹಿಂದಿನ ಗಾಲಿಗಳಿಗೆ ಗೇರ್‌ಬಾಕ್ಸಿನ ಸಂಬಂಧವೇ ಇಲ್ಲ. ಅಂದಮೇಲೆ ಮುಂದಿನ ಎರಡನ್ನು ಎತ್ತಿಟ್ಟರೆ ಕೆಲಸ ಮುಗಿಯಿತಲ್ಲ! ಟೋ ಡಾಲಿ ಇಷ್ಟು ಹೊಂದಿಕೊಂಡದ್ದು ಈ ಕಾರಣಕ್ಕೆ. ಒಂದು ಊರಲ್ಲಿ ಬಾಡಿಗೆಗೆ ಪಡೆದು ಇನ್ನೊಂದು ಊರಲ್ಲಿ ಹಿಂತಿರುಗಿಸುವ ಪದ್ಧತಿಯನ್ನು 1945ರಲ್ಲಿ ಯು-ಹಾಲ್ ಶುರುಮಾಡಿದ ಷೋಯೆನ್ ದಂಪತಿಗಳು ಆಗಲೇ ಬೆಳೆಸಿಟ್ಟಿದ್ದರು.

ಇಷ್ಟು ತಿಳಿದರೆ ಕಾರು ಹತ್ತಿಸುವ ನಿಯಮಗಳು ಉರು ಹೊಡೆಯುವ ಪಟ್ಟಿಯಾಗಿ ಉಳಿಯಲ್ಲ. ಹಿಂದಿನ ಗಾಲಿಗಳು ಉರುಳಲೇಬೇಕು, ಆದ್ದರಿಂದ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಇದನ್ನು ಮರೆತರೆ ಕೆಲವೇ ಮೈಲಿಯಲ್ಲಿ ಬ್ರೇಕು ಹೊಗೆಯಾಡುತ್ತೆ. ಹಿಂದಿನ ಗಾಲಿ ತಿರುಗುವ ಕಾರಾದರೆ ಡ್ರೈವ್‌ಶಾಫ್ಟ್ ಬಿಚ್ಚಬೇಕು. ನಾಲ್ಕೂ ಗಾಲಿ ತಿರುಗುವುದಾದರೆ ಡಾಲಿ ಬೇಡವೇ ಬೇಡ, ಇಡೀ ಕಾರು ಹೊರುವ ಟ್ರೇಲರ್ರೇ ಸರಿ. ಕಾರನ್ನು ಹಿಂದುಮುಂದಾಗಿ ಹತ್ತಿಸೋದು ಇನ್ನೂ ಅಪಾಯ. ಆಗ ರಸ್ತೆಯಲ್ಲಿ ಉಳಿಯುವುದು ಸ್ಟೀರಿಂಗಿನ ಗಾಲಿಗಳು, ಬಾಲ ಎತ್ತ ಬೇಕಾದರೂ ಹೊರಳುತ್ತೆ.

ಹತ್ತಿಸುವುದು ಸಮತಟ್ಟು ನೆಲದಲ್ಲಿ, ಲಾರಿ, ಡಾಲಿ, ಕಾರು ಮೂರೂ ಒಂದೇ ಸಾಲಿನಲ್ಲಿ ನಿಂತಿರುವಾಗ. ಪಟ್ಟಿ ಬಿಗಿಯುವುದು ಟೈರಿನ ಮೇಲೆಯೇ. ಬಾಡಿಗೆ ಕಟ್ಟಿದರೆ ಸ್ಪ್ರಿಂಗ್ ಕುಣಿದಂತೆಲ್ಲ ಪಟ್ಟಿ ಸಡಿಲವಾಗುತ್ತೆ. ಟೈರಿಗೆ ಕಟ್ಟಿದ್ದೂ ಸ್ವಲ್ಪ ದೂರ ಹೋದಮೇಲೆ ಕೂತುಕೊಂಡು ಸಡಿಲಾಗುತ್ತೆ, ಹಾಗಾಗಿ ಮೊದಲ ಕೆಲವು ಮೈಲಿ ಆದ ಕೂಡಲೇ ನಿಲ್ಲಿಸಿ ಇನ್ನೊಮ್ಮೆ ಬಿಗಿಯಬೇಕು.

ಲಾರಿಯ ಹಿಂದಿನ ಗುಂಡನ್ನಂತೂ ಅಳತೆ ನೋಡದೆ ನಂಬಬಾರದು. 1⅞ ಇಂಚಿನ ಗುಂಡಿನ ಮೇಲೆ 2 ಇಂಚಿನ ಕೊಂಡಿ ಚೆನ್ನಾಗಿಯೇ ಕೂತಂತೆ ಕಾಣುತ್ತೆ. ಒಂದು ದೊಡ್ಡ ಗುಂಡಿ ಸಿಕ್ಕಾಗ ಹಾರಿಹೋಗುತ್ತೆ. ಸರಪಳಿಗಳನ್ನು ಅಡ್ಡಡ್ಡ ದಾಟಿಸಿ ಹಾಕುವುದು ಅದಕ್ಕೇ. ಕೊಂಡಿ ಕಳಚಿದರೆ ಡಾಲಿಯ ಮೂತಿ ರಸ್ತೆಗೆ ಬಡಿಯದೆ ಸರಪಳಿಗಳ ತೊಟ್ಟಿಲಲ್ಲಿ ಬೀಳುತ್ತೆ.

ಎಷ್ಟು ಚೆನ್ನಾಗಿ ಕಟ್ಟಿದರೂ ಒಂದು ಮಾತ್ರ ಆಗಲ್ಲ. ಅದು ರಿವರ್ಸ್. ಡಾಲಿಯ ಮಣೆ ತಿರುಗುವಂಥದ್ದಾದರೆ ಲಾರಿ ಕೊಂಡಿಯ ಹತ್ತಿರ ಒಂದು ಕೀಲು, ಮಣೆಯ ಹತ್ತಿರ ಇನ್ನೊಂದು. ಎರಡು ಕೀಲಿನ ಸರಪಳಿಯನ್ನು ಎಳೆಯಬಹುದು, ತಳ್ಳೋಕಾಗಲ್ಲ. ಆದ್ದರಿಂದ ಪೆಟ್ರೋಲ್ ಬಂಕಿಗೆ ನುಗ್ಗುವ ಮೊದಲೇ ಆಚೆ ಕಡೆಯಿಂದ ಹೊರಹೋಗೋ ದಾರಿ ಇದೆಯಾ ಅಂತ ನೋಡಿಕೊಳ್ಳಿ. ಇಲ್ಲದಿದ್ದರೆ ಕಾರು ಇಳಿಸಿ, ಡಾಲಿ ಬಿಚ್ಚಿ ಕೈಯಲ್ಲಿ ತಳ್ಳಿ, ಲಾರಿ ಹಿಂದಕ್ಕೆ ತೆಗೆದು, ಮತ್ತೆ ಎಲ್ಲಾ ಮೊದಲಿನಿಂದ ಕಟ್ಟಬೇಕು.