ಖುಷ್ಕಿ: ಒಂದು ಪಾರಸಿ ಶಬ್ದದ ಅರ್ಥವಿಸ್ತಾರ

ತುಮಕೂರಿನಿಂದ ಶಿರಾದ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ, ಇಂದು ತರಕಾರಿ ಮಾರುಕಟ್ಟೆಗೂ ಕೈಗಾರಿಕಾ ಪ್ರದೇಶಕ್ಕೂ ಹೆಸರಾಗಿರುವ ಅಂತರಸನಹಳ್ಳಿಯಂಥ ಊರುಗಳಲ್ಲಿ, ಜಮೀನು ಖುಷ್ಕಿಯೋ ತರಿಯೋ ಬಾಗಾಯ್ತೋ ಎಂಬ ವಿಂಗಡಣೆಯು ರೈತನಿಗೆ ತನ್ನ ಸರ್ವೆ ನಂಬರಿನಷ್ಟೇ ಪರಿಚಿತವಾದುದು. ಮಳೆಯನ್ನೇ ನಂಬಿದ ಹೊಲ ಖುಷ್ಕಿ. ಕೆರೆಕಾಲುವೆಗಳ ನೀರುಂಡು ಬೆಳೆಯುವ ಗದ್ದೆ ತರಿ. ತೆಂಗು ಅಡಕೆಗಳ ತೋಟ ಬಾಗಾಯ್ತು. ಮೂರೂ ಪಾರಸಿಯ ಮೂಲಕ ನಮ್ಮ ಕಂದಾಯದ ಲೆಕ್ಕಕ್ಕೆ ಬಂದವು. ಇವುಗಳಲ್ಲಿ ಮೊದಲನೆಯದು ಅರ್ಥವೈವಿಧ್ಯದಿಂದ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ.

‘ಖುಷ್ಕ್’ ಎಂದರೆ ಪಾರಸಿಯಲ್ಲಿ ಒಣಗಿದುದು. ‘ಖುಷ್ಕಿ’ ಅದರ ಭಾವನಾಮ. ಅವೆಸ್ತಾದ ‘ಹುಷ್ಕ’ವೂ ಸಂಸ್ಕೃತದ ‘ಶುಷ್ಕ’ವೂ ಇದರ ಸಗೋತ್ರಗಳು. ‘ಸಪ್ತ’ವು ಇರಾನಿನ ಕಡೆಗೆ ‘ಹಪ್ತ’ವಾದಂತೆ ಇಲ್ಲಿಯೂ ಮೂಲದ ಸಕಾರ ಹಕಾರವಾಯಿತು, ಸಂಸ್ಕೃತದಲ್ಲಿ ಅದೇ ಸಕಾರವು ಮುಂದಿನ ಷಕಾರದ ಸಾಮೀಪ್ಯದಿಂದ ಶಕಾರವಾಯಿತು. ಕ್ರಿ.ಪೂ. 522ರಿಂದ 486ರವರೆಗೆ ಆಳಿದ ಒಂದನೆಯ ದಾರಿಯಸನ ಪರ್ಸೆಪೊಲಿಸ್ ಶಾಸನವೊಂದರಲ್ಲಿ ಈ ಶಬ್ದದ ಪ್ರಾಚೀನರೂಪವಾದ ‘ಉಷ್ಕ’ವು, ಕಡಲಿಗೆ ಎದುರಾದ ನೆಲ, ಒಳನಾಡು, ಎಂಬ ಅರ್ಥದಲ್ಲಿ ಪ್ರಯುಕ್ತವಾಗಿದೆ. ಅಲ್ಲಿ ಪ್ರಸ್ತಾಪವಾಗಿರುವುದು ಒಳನಾಡಿನ ಯವನರು, ಕಡಲಂಚಿನ ಯವನರು. ಆ ನೆಲದಲ್ಲಿ ನದಿಯಿರಲಿ, ಮಳೆಯಿರಲಿ, ಕಡಲಲ್ಲವಾದುದರಿಂದಲೇ ಅದು ‘ಉಷ್ಕ’. ಮರಾಠಿಯಲ್ಲಿ ಭೂಮಾರ್ಗಕ್ಕೆ ‘ಖುಷ್ಕಿ’ಯ ಮಾರ್ಗವೆಂಬ ಮಾತು ಇಂದಿಗೂ ಉಳಿದಿರುವುದು ಈ ಅತಿ ಪುರಾತನವಾದ ಅರ್ಥದ ಮುಂದುವರಿಕೆಯೇ ಸರಿ.

ಬಿಜಾಪುರದ ಆದಿಲಶಾಹಿ ಆಳ್ವಿಕೆ, 1687ರಿಂದ ಶಿರಾವನ್ನು ಕೇಂದ್ರವಾಗಿಸಿಕೊಂಡಿದ್ದ ಮೊಗಲರ ಸುಬಾ, ತರುವಾಯ ಹೈದರ್ ಮತ್ತು ಟಿಪ್ಪುವಿನ ಕಾಲ, ಇಂತು ಒಂದರ ಬೆನ್ನಿಗೊಂದು ಬಂದ ಆಡಳಿತಗಳಲ್ಲಿ ಪಾರಸಿಯ ಪರಿಭಾಷೆಯು ಶಾನುಭೋಗರ ಕನ್ನಡ ಲೆಕ್ಕಕ್ಕೆ ಇಳಿದು, ಬ್ರಿಟಿಷರ ಕಾಲದ ಸರ್ವೆಯನ್ನೂ ದಾಟಿ ಉಳಿಯಿತು. ಅದಕ್ಕೆ ಮೊದಲು ನಮ್ಮಲ್ಲಿ ಶಬ್ದದ ಕೊರತೆಯಿದ್ದಿಲ್ಲ. ಹಳೆಯ ಮೈಸೂರು ಸೀಮೆಯ ದಾನಶಾಸನಗಳಲ್ಲಿ ಗದ್ದೆ, ಬೆದ್ದಲು ಎಂಬ ಜೋಡಿ ಮತ್ತೆ ಮತ್ತೆ ಬರುತ್ತದೆ. ಕಛೇರಿಯು ಖುಷ್ಕಿಯೆಂದು ಬರೆದುಕೊಂಡಾಗಲೂ ಒಕ್ಕಲಿಗನು ಹೊಲವೆಂದೇ ಕರೆದನು. ಬಿಜಾಪುರ, ಧಾರವಾಡಗಳ ಕಡೆ ಅದೇ ನೆಲಕ್ಕೆ ಅರಬ್ಬಿ ಮೂಲದ ‘ಜಿರಾಯತಿ’ ನಿಂತಿತು. ತೆಲಂಗಾಣದಲ್ಲಿ ನಮ್ಮಂತೆಯೇ ತರಿ, ಖುಷ್ಕಿ.

ಸಗೋತ್ರವಾದ ‘ಶುಷ್ಕ’ವು ಮೊದಲೇ ಕನ್ನಡದಲ್ಲಿದ್ದರೂ ಈ ಸ್ಥಾನಕ್ಕೆ ಅದು ಸಲ್ಲದು. ಶುಷ್ಕಭೂಮಿಯೆಂದರೆ ನಾವು ಗ್ರಹಿಸುವುದು ಬೀಜ ಮೊಳೆಯದ ಬರಡು. ಖುಷ್ಕಿಯಾದರೋ ರಾಗಿ, ಅವರೆ, ಹುರುಳಿಗಳನ್ನು ಕೊಟ್ಟು ಈ ಸೀಮೆಯ ಮನೆಮನೆಯ ಕಣಜ ತುಂಬಿದ ನೆಲ. ಆಷಾಢದ ಮಳೆಯಲ್ಲಿ ಕಾಲಿಟ್ಟರೆ ಹೂಳುವಷ್ಟು ನೆನೆದಿದ್ದರೂ ಅದು ಖುಷ್ಕಿಯೇ; ಗುಬ್ಬಿಯ ಕಡೆ ಅಂಥದೇ ಹೊಲದಲ್ಲಿ ಕೊಳವೆಬಾವಿ ಕೊರೆಸಿ ಅಡಕೆ ಸಸಿ ನಾಟಿ ಮಾಡಿದರೂ ಹಳೆಯ ವರ್ಗವು ಕಾಗದದಲ್ಲಿ ನಿಂತೇ ಇರಬಹುದು. ಇದಕ್ಕೆ ವ್ಯತಿರಿಕ್ತವಾಗಿ, 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದ ಮೇರೆಗೆ ಪರಿವರ್ತನೆ ಹೊಂದಿ, ಕಾರ್ಖಾನೆಯ ಅಂಗಳವಾಗಿ ಕಾಂಕ್ರೀಟು ಹೊದ್ದ ನೆಲವು ಎಷ್ಟೇ ಒಣಗಿದ್ದರೂ ಖುಷ್ಕಿಯೆನಿಸದು. ಆದುದರಿಂದ ಈ ಶಬ್ದವು ಹೇಳುತ್ತಿರುವುದು ಮಣ್ಣಿನ ಗುಣವನ್ನಲ್ಲ. ಜೊತೆಗಿರಬಹುದಾಗಿದ್ದ ಒಂದು ವಸ್ತುವಿನ ಅಭಾವವನ್ನು. ಒಳನಾಡಿಗೆ ಕಡಲು ಹೇಗೋ, ಬೆದ್ದಲಿಗೆ ಕೆರೆಯ ನೀರು ಹಾಗೆ.

ಈ ಅಭಿಪ್ರಾಯಕ್ಕೆ ಬಲವಾದ ಸಾಕ್ಷ್ಯವು ಬಿರಿಯಾನಿ ಹೋಟೆಲಿನಲ್ಲಿ ದೊರೆಯುತ್ತದೆಂದರೆ ವಿದ್ವಾಂಸರು ಅಸಡ್ಡೆ ಮಾಡಲಾಗದು. ಪಾರಸಿ, ಉರ್ದುಗಳಲ್ಲಿ ‘ಖುಷ್ಕಾ’ ಎಂದರೆ ತುಪ್ಪ ಮಸಾಲೆಗಳಿಲ್ಲದೆ ಬೇಯಿಸಿದ ಬರಿಯ ಅನ್ನ. ನಮ್ಮಲ್ಲಿಯೂ ತಮಿಳುನಾಡಿನಲ್ಲಿಯೂ ‘ಕುಸ್ಕ’ವೆಂದು ಬಡಿಸುವುದು ಅದನ್ನಲ್ಲ, ಮಸಾಲೆಯೂ ಜಿಡ್ಡೂ ಯಥೇಷ್ಟವಾಗಿದ್ದು ಮಾಂಸದ ತುಂಡು ಮಾತ್ರ ಇಲ್ಲದ ಬಿರಿಯಾನಿಯ ಅನ್ನವನ್ನು. ಬೆರಳಿಗೆ ಎಣ್ಣೆ ಅಂಟುವ ಅನ್ನವನ್ನು ಒಣದೆಂದು ಯಾರೂ ಭಾವಿಸರು. ಇಲ್ಲದಿರುವ ವಸ್ತು ಬದಲಾಯಿತು, ಮೊದಲು ತುಪ್ಪ, ಆಮೇಲೆ ಮಾಂಸ. ಅಭಾವವನ್ನು ಹೇಳುವ ರೀತಿ ಮಾತ್ರ ಬದಲಾಗಲಿಲ್ಲ. ಉರ್ದುವಿನಲ್ಲಿ ‘ಖುಷ್ಕಿ’ಗೆ ತಲೆಯ ಹೊಟ್ಟು ಎಂಬ ಅರ್ಥವೂ ಉಂಟು, ಅದು ನೇರವಾಗಿ ಒಣಗುವಿಕೆಯಿಂದಲೇ ಬಂದುದಾಗಿ ನಮ್ಮ ವಿಚಾರಕ್ಕೆ ಹೊರಗಿನದು.

ಉಚ್ಚಾರದಲ್ಲಿ ಖುಷ್ಕಿ, ಕುಸ್ಕಗಳೆರಡೂ ದೂರ ಸರಿದಿವೆ. ಕಛೇರಿಯ ಬರಹವು ಖಕಾರ ಷಕಾರಗಳನ್ನು ಕಾಪಾಡಿಕೊಂಡಿತು. ಅಡಿಗೆಯವರ ಬಾಯಲ್ಲಿ ಅವು ಕಕಾರ ಸಕಾರಗಳಾದವು. ಆದಕಾರಣ ಕನ್ನಡದ ಐತಿಹಾಸಿಕ ನಿಘಂಟಿನಲ್ಲಿ ಹೊಲದ ಖುಷ್ಕಿಯನ್ನೂ ತಟ್ಟೆಯ ಕುಸ್ಕವನ್ನೂ ಒಂದೇ ಮೂಲದಡಿಯಲ್ಲಿಟ್ಟು, ಪಕ್ಕದಲ್ಲಿ ಶುಷ್ಕವನ್ನು ಸೂಚಿಸಿ, ಆಯಾ ಅರ್ಥದ ಎದುರಿಗೆ ಅದು ಯಾವುದರ ಅಭಾವವನ್ನು ಹೇಳುತ್ತದೆಂಬುದನ್ನು ನಮೂದಿಸುವುದು ಯುಕ್ತ.